ಓದುಗರ ಪ್ರಶ್ನೆ: ಆರು ದಶಕ ಕಳೆದರೂ ತೀರದ ಮೋಹ

ಪ್ರಶ್ನೆ: ಹದಿನಾರನೆಯ ವಯಸ್ಸಿನಿಂದ ಇಂಗ್ಲೆಂಡಿನ ರಾಕ್ ಸಂಗೀತ ತಂಡ ರೋಲಿಂಗ್ ಸ್ಟೋನ್ಸ್‌ನ ಹಾಡುಗಳನ್ನು ಕೇಳುತ್ತ ಬಂದಿದ್ದೇನೆ. ಈಗ ಅರವತ್ತು ದಾಟಿದರೂ ಆ ಮೋಹ ಕಡಿಮೆಯಾಗಿಲ್ಲ. ಇದು ಬರೀ ಹಳೆಯ ನೆನಪುಗಳ ಸೆಳೆತವೇ?

ಉತ್ತರ: ನೆನಪಿನ ಪಾಲು ಖಂಡಿತ ಇದೆ, ಆದರೆ ಅದಷ್ಟೇ ಎಂದರೆ ನಾನು ಒಪ್ಪುವುದಿಲ್ಲ. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮುಂದೆ ತಂಡದ ಗಾಯಕರಾದ ಮಿಕ್ ಜ್ಯಾಗರ್ ಹಿಡಿದಿದ್ದ ಅಮೆರಿಕದ ಸಂಗೀತಗಾರರಾದ ಚಕ್ ಬೆರಿ, ಮಡ್ಡಿ ವಾಟರ್ಸ್ ಅವರ ರೆಕಾರ್ಡುಗಳನ್ನು ಕಂಡು, ಮುಂದೆ ತಂಡದ ಗಿಟಾರ್ ವಾದಕರಾದ ಬಾಲ್ಯದ ಸಹಪಾಠಿ ಕೀತ್ ರಿಚರ್ಡ್ಸ್ ಮಾತಿಗಿಳಿದರು. ಮರುವರ್ಷವೇ ರೂಪುಗೊಂಡ ಈ ತಂಡದ ಬೇರಿನಲ್ಲಿಯೇ ಇಬ್ಬರು ಅಭಿಮಾನಿಗಳಿದ್ದಾರೆ.

ರಿಚರ್ಡ್ಸ್ ಅವರ ಗಿಟಾರನ್ನು ಗಮನವಿಟ್ಟು ಕೇಳಿ. ಎಷ್ಟೋ ಹಾಡುಗಳಲ್ಲಿ ಅವರು ಮಂದ್ರದ ಆರನೆಯ ತಂತಿಯನ್ನು ತೆಗೆದುಹಾಕಿ, ಉಳಿದ ಐದನ್ನು ಬೆರಳಿನಿಂದ ಒತ್ತದೆ ಬರಿದಾಗಿ ಮೀಟಿದರೂ ಜಿ ಮೇಜರ್ ಸ್ವರಗುಚ್ಛವೇ ಮೊಳಗುವಂತೆ ಶ್ರುತಿ ಮಾಡಿಕೊಂಡಿರುತ್ತಾರೆ. ಡ್ರಮ್ ವಾದಕ ಚಾರ್ಲಿ ವಾಟ್ಸ್ ಅವರಂತೂ ಎಡಗೈ ಸ್ನೇರ್ ಡ್ರಮ್ಮಿಗೆ ಬೀಳುವ ಗಳಿಗೆಯಲ್ಲಿ ಬಲಗೈಯನ್ನು ಹೈ-ಹ್ಯಾಟ್ ತಟ್ಟೆಗಳಿಂದ ಎತ್ತಿಬಿಡುತ್ತಿದ್ದರು; ನಮ್ಮ ಕಾಲು ತಾನಾಗಿ ತಾಳ ಹಾಕುವುದು ಆ ಸಣ್ಣ ಬಿಡುವಿನಲ್ಲಿಯೇ ಎಂದು ನನಗನ್ನಿಸುತ್ತದೆ. ವಾಟ್ಸ್ 2021ರಲ್ಲಿ ತೀರಿಕೊಂಡಾಗ ನಿಮ್ಮಂತೆಯೇ ನನಗೂ ಮನೆಯವರನ್ನು ಕಳೆದುಕೊಂಡಂತಾಗಿತ್ತು. ಆದರೂ 2023ರಲ್ಲಿ, ಹದಿನೆಂಟು ವರ್ಷಗಳ ಬಳಿಕ, ತಂಡವು ಸ್ವಂತ ಹೊಸ ರಚನೆಗಳ ಆಲ್ಬಮ್ ಹೊರತಂದಿತು. ತೀರಿಕೊಳ್ಳುವ ಮೊದಲೇ ಧ್ವನಿಮುದ್ರಣವಾಗಿದ್ದ ಅದರ ಎರಡು ಹಾಡುಗಳಲ್ಲಿ ವಾಟ್ಸ್ ನುಡಿಸಿದ್ದಾರೆ.