ಬಾಲಬಡುಕನೂ ಹೊಗಳುಭಟ್ಟನೂ ಒಂದೇ ಅಲ್ಲ

‘ಬಾಲಬಡುಕ’ ಎಂದರೆ ಹೊಗಳುಭಟ್ಟನೇ ಅಲ್ಲವೇ ಎಂದು ತಾವು ಕೇಳಿದ್ದೀರಿ. ಎರಡೂ ನಿಂದೆಯ ಮಾತುಗಳೇ ಆದರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ‘ಬಾಯಿಬಡುಕ’ದಲ್ಲಿರುವಂತೆ ಇಲ್ಲಿಯೂ ‘ಬಡುಕ’ ಬಂದಿರುವುದು ‘ಬಡಿ’ ಎಂಬ ಧಾತುವಿನಿಂದ. ಯಜಮಾನ ಗೇಟು ತೆರೆದ ಸದ್ದಿಗೇ ನೆಲಕ್ಕೆ ಬಾಲ ಬಡಿಯತೊಡಗುವ ನಾಯಿಯ ಚಿತ್ರ ಈ ಪದದೊಳಗಿದೆ. ಹೊಗಳುಭಟ್ಟನಿಗೆ ನಾಲಿಗೆ ಬೇಕು. ಬಾಲಬಡುಕನಾದರೋ ತುಟಿ ಬಿಚ್ಚದೆಯೇ ಸಾಹೇಬರ ಕುರ್ಚಿ ಎಳೆದುಕೊಟ್ಟು, ಅವರ ಹಳಸಲು ಹಾಸ್ಯಕ್ಕೆ ಎಲ್ಲರಿಗಿಂತ ಮೊದಲು ನಕ್ಕು ಕಾರ್ಯ ಸಾಧಿಸುತ್ತಾನೆ. ಸ್ವಾರ್ಥವಿಲ್ಲದೆ ಹಿರಿಯರ ಮಾತಿಗೆ ತಲೆಬಾಗುವವನಿಗೆ ಈ ಪದ ಸಲ್ಲದು. ಆಡುಮಾತಿನ ‘ಬಕೆಟ್ ಹಿಡಿಯುವುದು’ ಅರ್ಥದಲ್ಲಿ ಹತ್ತಿರದ್ದೇ, ಆದರೆ ಅದನ್ನು ಗೆಳೆಯನ ಎದುರಿಗೇ ತಮಾಷೆಯಾಗಿ ಹೇಳಬಹುದು. ಬಾಲಬಡುಕ ಎಂದರೆ ಜಗಳ ಖಚಿತ.