ಮಗನನ್ನು ಹಿಂದಕ್ಕೆ ಹಾಕಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ಆಡುವ ಇನ್‌ಲೈನ್ ಹಾಕಿ ಆಡುತ್ತಾನೆ. ಮೊದಲು ಫಾರ್ವರ್ಡ್ ಇದ್ದ. ಈಗ ಕೋಚ್ ಡಿಫೆನ್ಸ್‌ಗೆ ಹಾಕಿದ್ದಾರೆ. ‘ಹಿಂದೆ ನಿಂತವರಿಗೆ ಗೋಲ್ ಎಲ್ಲಿ ಸಿಗುತ್ತೆ’ ಅಂತ ಮುಖ ಊದಿಸಿಕೊಂಡು ಕೂತಿದ್ದಾನೆ. ದೊಡ್ಡವನಾಗಿ ಐಸ್ ಹಾಕಿ ಆಡುವ ಆಸೆ ಅವನಿಗೆ. ಡಿಫೆನ್ಸ್ ಆಡುವವರಿಗೆ ಅದರಲ್ಲಿ ಭವಿಷ್ಯ ಇದೆಯೇ?
– ಒಬ್ಬ ತಾಯಿ, ಟಿಳಕವಾಡಿ, ಬೆಳಗಾವಿ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ ನನ್ನ ಹುಡುಗತನ ನೆನಪಾಯಿತು. ನನ್ನನ್ನೂ ಹೀಗೇ ಹಿಂದಕ್ಕೆ ಹಾಕಿದ್ದರು. ಮೂರು ದಿನ ಸ್ಕೇಟ್ಸ್ ಮುಟ್ಟಿರಲಿಲ್ಲ. ಈಗ ಇದೇ ಬೆಳಗಾವಿಯಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾ 22 ವರ್ಷ ಆಯಿತು. ನಾನೂ ಕಾಲು ಗಟ್ಟಿ ಇರುವ ಹುಡುಗರನ್ನೇ ಡಿಫೆನ್ಸ್‌ಗೆ ಹಾಕುತ್ತೇನೆ.

ಯಾಕೆ ಅಂದರೆ, ಎದುರಿನವನು ನುಗ್ಗಿ ಬರುವಾಗ ಡಿಫೆನ್ಸ್ ಹುಡುಗ ಅವನ ಕಡೆ ಮುಖ ಮಾಡಿಕೊಂಡೇ, ಅಷ್ಟೇ ಜೋರಾಗಿ ಹಿಂದಕ್ಕೆ ಜಾರಬೇಕು. ಕಣ್ಣು ಅವನ ಎದೆ ಮೇಲಿರಬೇಕು. ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ನೋಡುತ್ತಾ ಹೋದರೆ ಮೋಸ ಹೋಗ್ತೀವಿ. ಕಬಡ್ಡಿಯಲ್ಲಿ ಕಾರ್ನರ್ ನಿಂತವನು ರೈಡರ್‌ನ ಕೈ ಆಟಕ್ಕೆ ಮರುಳಾಗದೆ ಕಾಲು ಕಾಯುತ್ತಾನಲ್ಲ, ಹಾಗೆ.

ಮಗನಿಗೆ ಐಸ್ ಹಾಕಿಯಲ್ಲಿ ಡಿಫೆನ್ಸ್ ಆಡಿದ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಾಮ್ ಆಟದ ವಿಡಿಯೊ ತೋರಿಸಿ. 1989ರಲ್ಲಿ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ ಅಮೆರಿಕದ ಡೆಟ್ರಾಯಿಟ್ ತಂಡ ಅವರನ್ನು ಆರಿಸಿತು; ಅವರಿಗಿಂತ ಮೊದಲು 52 ಹುಡುಗರ ಹೆಸರು ಕೂಗಿ ಆಗಿತ್ತು. ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಡಲು ಶುರು ಮಾಡಿದ್ದು 1991ರಲ್ಲಿ. ಆಮೇಲೆ 20 ಸೀಸನ್, ಒಂದೇ ತಂಡ. ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ನಾಲ್ಕು ಸಲ ಗೆದ್ದರು. ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಏಳು ಸಲ ಬಂತು, ಕೊನೆಯದು 41ನೇ ವಯಸ್ಸಿನಲ್ಲಿ! ಮೈಮೇಲೆ ಬಿದ್ದು ಆಡಿದ್ದು ಕಡಿಮೆ. ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತಿತ್ತು, ಸ್ಟಿಕ್ ಸರಿಯಾದ ಜಾಗದಲ್ಲಿ ಇರುತ್ತಿತ್ತು. ನನಗೆ ಅವರ ಆಟ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ಗೋಲಿನ ಚಿಂತೆಗೆ ಅದೇ ಲೀಗ್‌ನಲ್ಲಿ ಆಡಿದ ಕೆನಡಾದ ಬಾಬಿ ಆರ್ ಹೆಸರು ಹೇಳಿ. ಡಿಫೆನ್ಸ್ ಆಡುತ್ತಲೇ 1970ರಲ್ಲಿ, ಮತ್ತೆ 1975ರಲ್ಲಿ ಇಡೀ ಲೀಗ್‌ನಲ್ಲೇ ಜಾಸ್ತಿ ಪಾಯಿಂಟ್ (ಗೋಲು ಹೊಡೆದರೂ, ಗೋಲಿಗೆ ಪಾಸ್ ಕೊಟ್ಟರೂ ಒಂದೊಂದು) ಗಳಿಸಿದವರು. ಆದರೆ ಮೊಣಕಾಲು ಹಾಳಾಗಿ 30ನೇ ವಯಸ್ಸಿಗೇ ಆಟ ಬಿಡಬೇಕಾಯಿತು. ಇದನ್ನೂ ಮಗನಿಗೆ ಮುಚ್ಚಿಡಬೇಡಿ. ಮೊಣಕಾಲಿಗೆ ಪ್ಯಾಡ್ ಹಾಕದೆ ಒಂದು ದಿನವೂ ರಿಂಕ್‌ಗೆ ಇಳಿಯಬಾರದು.

ಇನ್ನು ಹೊಟ್ಟೆಪಾಡಿನ ಮಾತು. ನಮ್ಮ ದೇಶದಲ್ಲಿ ಐಸ್ ಹಾಕಿ ಆಡಿ ಸಂಸಾರ ನಡೆಸುವಂಥ ದಾರಿ ಈಗಿಲ್ಲ. ಓದು ಬಿಡಿಸಬೇಡಿ. ಆಸೆಯನ್ನೂ ಚಿವುಟಬೇಡಿ. ಲಡಾಖ್‌ನ ಮಕ್ಕಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಬೆಳೆದವರು. ಅಂಥವರೇ ಹೆಚ್ಚಿದ್ದ ನಮ್ಮ ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ಆ ಸುದ್ದಿ ಕೇಳಿದ ದಿನ ನಾನು ರಿಂಕ್‌ನಲ್ಲಿ ಮಕ್ಕಳಿಗೆಲ್ಲ ಪೇಢಾ ಹಂಚಿದ್ದೆ.

ಈಗೊಂದು ಕೆಲಸ ಮಾಡಿ. ರಿಂಕ್‌ನಲ್ಲಿ ಸೀಮೆಸುಣ್ಣದಿಂದ ಉದ್ದಕ್ಕೊಂದು ಗೆರೆ ಎಳೆಯಲು ಹೇಳಿ. ದಿನಾ 15 ನಿಮಿಷ, ಮೊಣಕಾಲು ಬಾಗಿಸಿ, ತಲೆ ಎತ್ತಿ, ಗೆರೆಯ ಗುಂಟ ಹಿಂದಕ್ಕೇ ಜಾರಲಿ. ಆಮೇಲೆ ನೀವು ಚಪ್ಪಾಳೆ ತಟ್ಟಿದ ಕೂಡಲೇ ಎಡಕ್ಕೋ ಬಲಕ್ಕೋ ತಿರುಗಲಿ. ಬಹಳ ಮಕ್ಕಳಿಗೆ ಒಂದು ಕಡೆ ತಿರುಗುವುದು ಕಷ್ಟ ಆಗುತ್ತೆ. ಅವನಿಗೆ ಯಾವ ಕಡೆ ಅಂತ ನೋಡಿ ನನಗೊಂದು ಸಾಲು ಬರೆಯಿರಿ.