ದೇಶ ಒಡೆದರೆ ಪೆನ್ಷನ್ ಕೊಡುವವರು ಯಾರು?

ಸ್ಕಾಟ್ಲೆಂಡ್‌ನಂಥ ಭಾಗ ನಾಳೆ ಸ್ವತಂತ್ರ ದೇಶವಾದರೆ ಅಲ್ಲಿನ ವಯಸ್ಸಾದವರಿಗೆ ಪೆನ್ಷನ್ ಕೊಡುವುದು ಹಳೆ ಸರ್ಕಾರವೋ ಹೊಸದೋ, ಅವರು ಇಷ್ಟು ವರ್ಷ ಕಟ್ಟಿದ ದುಡ್ಡಿನ ಗತಿ ಏನು ಅಂತ ಕೇಳಿದ್ದೀರಿ.

ಆ ದುಡ್ಡು ಎಲ್ಲೂ ಕೂತಿಲ್ಲ. ಬ್ರಿಟನ್ನಿನ ಸರ್ಕಾರಿ ಪೆನ್ಷನ್‌ನಲ್ಲಿ ಇವತ್ತು ದುಡಿಯುವವರು ಕಟ್ಟಿದ್ದು ಇವತ್ತಿನ ಮುದುಕರಿಗೆ ಹೋಗುತ್ತದೆ. ಒಬ್ಬೊಬ್ಬರ ಹೆಸರಲ್ಲಿ ಗಂಟು ಕಟ್ಟಿ ಇಟ್ಟಿರುವುದಿಲ್ಲ. ಗಂಟೇ ಇಲ್ಲದ ಮೇಲೆ ಪಾಲಾಗುವುದು ಹೊಣೆ ಮಾತ್ರ, ಅಲ್ವಾ? 2014ರ ಜನಮತಗಣನೆಗೆ ಮುಂಚೆ ಸ್ಕಾಟ್ಲೆಂಡ್ ಸರ್ಕಾರ ‘ನಮ್ಮವರಿಗೆ ನಾವೇ ಕೊಡುತ್ತೇವೆ’ ಅಂದಿತ್ತು. ಜನ ಪ್ರತ್ಯೇಕವಾಗುವುದೇ ಬೇಡ ಅಂದರು, ಮಾತು ಅಲ್ಲಿಗೆ ನಿಂತಿತು.

ನಾನು ಬೆಳಗಾವಿಯವನು, ಖಜಾನೆಯಲ್ಲಿ ಗುಮಾಸ್ತನಾಗಿದ್ದೆ. ಈ ಪ್ರಶ್ನೆ ನಮ್ಮ ಮನೆಯಲ್ಲೇ ಒಮ್ಮೆ ಎದ್ದಿತ್ತು. ಅಜ್ಜ ಅಥಣಿ ಕಡೆ ತಲಾಟಿ, ಅಂದರೆ ಊರಿನ ಲೆಕ್ಕಿಗ. ಪಗಾರ ತಗೊಂಡದ್ದು ಮುಂಬೈ ಸರ್ಕಾರದಿಂದ, ನಿವೃತ್ತಿಯಾದದ್ದು 1954ರಲ್ಲಿ. 1956ರ ನವೆಂಬರ್ 1ಕ್ಕೆ ಚಂದಗಡ ತಾಲ್ಲೂಕೊಂದು ಬಿಟ್ಟು ಇಡೀ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಜ್ಜಿಗೆ ಒಂದೇ ಚಿಂತೆ: “ಮುಂಬೈದವ್ರ ಚಾಕರಿ ಮಾಡ್ಯಾರ, ಮೈಸೂರಿನವ್ರು ಯಾಕ ರೊಕ್ಕಾ ಕೊಡ್ತಾರ?” ಕೊಟ್ಟರು. ಯಾವ ರಾಜ್ಯದ ಖಜಾನೆಯಲ್ಲಿ ಪೆನ್ಷನ್ ಎತ್ತುತ್ತೀರೋ ಆ ರಾಜ್ಯ ಮೊದಲು ಕೊಡಬೇಕು, ಯಾರ ಪಾಲೆಷ್ಟು ಅನ್ನುವ ಲೆಕ್ಕ ಸರ್ಕಾರಗಳು ಆಮೇಲೆ ತಮ್ಮೊಳಗೆ ತೀರಿಸಿಕೊಳ್ಳಬೇಕು ಅನ್ನುವುದು ಕಾನೂನು. 2014ರಲ್ಲಿ ತೆಲಂಗಾಣ ಆದಾಗಲೂ ಇದೇ ನಿಯಮ ಬಂತು. ಹೊರೆ ಹಂಚಿದ್ದು ಜನಸಂಖ್ಯೆ ಮೇಲೆ: ಆಂಧ್ರಕ್ಕೆ ಶೇ. 58.32, ತೆಲಂಗಾಣಕ್ಕೆ ಶೇ. 41.68.

ಇವು ರಾಜ್ಯಗಳು, ನಾನು ಕೇಳಿದ್ದು ದೇಶದ ಮಾತು ಅನ್ನುತ್ತೀರೇನೋ. ರಾಜ್ಯಗಳಿಗೆ ಮೇಲೊಬ್ಬ ಯಜಮಾನ ಇರುತ್ತಾನೆ, ದೇಶಗಳಿಗೆ ಇಲ್ಲ. ಒಡೆದ ದೇಶದ ಆಸ್ತಿ, ಸಾಲ ಹಂಚಲು 1983ರಲ್ಲಿ ವಿಯೆನ್ನಾದಲ್ಲಿ ಒಂದು ಒಪ್ಪಂದ ಬರೆದರು. ಬೇಕಾದಷ್ಟು ದೇಶಗಳು ಸೇರಲಿಲ್ಲ, ಅದು ಜಾರಿಗೇ ಬಂದಿಲ್ಲ. ಹಾಗಾಗಿ ಪ್ರತಿ ಸಲವೂ ಹೊಸದಾಗಿ ಚೌಕಾಸಿ.

ಸೋವಿಯತ್ ಒಕ್ಕೂಟ ಒಡೆದ ಮೇಲೆ 1992ರಲ್ಲಿ ಹಲವು ದೇಶಗಳು ಸುಲಭದ ದಾರಿ ಹಿಡಿದವು: ಈಗ ಎಲ್ಲಿ ವಾಸವೋ ಆ ದೇಶದ ಪೆನ್ಷನ್. ಜೆಕ್, ಸ್ಲೊವಾಕ್ ಅಂತ ಎರಡು ದೇಶವಾದ ಜೆಕೊಸ್ಲೊವಾಕಿಯಾದವರು ಬೇರೆ ಗೆರೆ ಎಳೆದರು. 1992ರ ಡಿಸೆಂಬರ್ 31ಕ್ಕೆ ನಿಮ್ಮ ಕಂಪನಿಯ ಮುಖ್ಯ ಕಚೇರಿ ಯಾವ ಕಡೆ ಇತ್ತೋ ಆ ದೇಶ ಕೊಡಬೇಕು. ನಿಪ್ಪಾಣಿಯಲ್ಲೇ ಹುಟ್ಟಿ ನಿಪ್ಪಾಣಿಯಲ್ಲೇ ದುಡಿದವನಿಗೆ, ‘ನಿನ್ನ ಹೆಡ್ಡಾಫೀಸು ಕೊಲ್ಹಾಪುರ, ಅಲ್ಲಿ ಹೋಗಿ ಕೇಳು’ ಅಂದ ಹಾಗೆ! ಜೆಕ್ ಕಡೆ ಬದುಕಿದ ಎಷ್ಟೋ ಜನ ಸ್ಲೊವಾಕ್ ಪೆನ್ಷನ್‌ಗೆ ಬಿದ್ದರು. ಅದು ಕಮ್ಮಿ. ಕಮ್ಮಿ ಬಿದ್ದದ್ದನ್ನು ಜೆಕ್ ಸರ್ಕಾರ ತನ್ನ ಪ್ರಜೆಗಳಿಗೆ ತುಂಬಿಕೊಡಬೇಕು ಅಂತ ಜೆಕ್ ಸಾಂವಿಧಾನಿಕ ಕೋರ್ಟು ಹೇಳಿತು. ಹಾಗೆ ಜೆಕ್ ಪ್ರಜೆಗಳಿಗೆ ಮಾತ್ರ ಕೊಡುವಂತಿಲ್ಲ ಅಂತ ಯುರೋಪಿಯನ್ ಒಕ್ಕೂಟದ ಕೋರ್ಟು 2011ರಲ್ಲಿ ಅಂದಿತು. ಮರುವರ್ಷ ಜೆಕ್ ಕೋರ್ಟು ‘ನೀವೇ ಮಿತಿ ಮೀರಿದ್ದೀರಿ’ ಅಂತ ತಿರುಗಿಬಿತ್ತು. ಎರಡು ಕೋರ್ಟುಗಳು ಹೀಗೆ ಕೈ ಕೈ ಮಿಲಾಯಿಸಿದ್ದು ಒಂದು ಪೆನ್ಷನ್ ವಿಷಯಕ್ಕೆ.

ಕೌಂಟರಿನ ಈಚೆ ಕೂತು ನಾನು ಕಂಡುಕೊಂಡದ್ದು ಬೇರೆಯೇ ಇದೆ. ಪೆನ್ಷನ್ ಪೂರ್ತಿ ನಿಲ್ಲುತ್ತದೆ ಅನ್ನುವ ಭಯ ಜಾಸ್ತಿ. ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಅದರ ಏರಿಕೆ. ಮಧ್ಯಪ್ರದೇಶ ಒಡೆದು ಛತ್ತೀಸಗಡ ಆದದ್ದು 2000ದಲ್ಲಿ. ಅದಾಗಿ ಎಷ್ಟೋ ವರ್ಷವಾದರೂ ಒಂದು ರಾಜ್ಯ ಪೆನ್ಷನ್‌ದಾರರ ತುಟ್ಟಿಭತ್ಯೆ ಏರಿಸಲು ಇನ್ನೊಂದರ ಒಪ್ಪಿಗೆಗೆ ಕಾದು ಕೂತದ್ದುಂಟು. ಫ್ರಾನ್ಸ್ ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ತನಗಾಗಿ ಹೋರಾಡಿದ ಆಫ್ರಿಕಾದ ಸೈನಿಕರ ಪೆನ್ಷನ್ನನ್ನು, ಅವರ ದೇಶಗಳು ಸ್ವತಂತ್ರವಾದ ಮೇಲೆ, 1959ರ ಕಾನೂನಿನ ಬಲದಿಂದ ಇದ್ದಲ್ಲೇ ನಿಲ್ಲಿಸಿಬಿಟ್ಟಿತು. ಫ್ರೆಂಚ್ ಸೈನಿಕನದ್ದು ಏರುತ್ತಾ ಹೋಯಿತು, ಪಕ್ಕದಲ್ಲೇ ಗುಂಡು ಹಾರಿಸಿದ ಸೆನೆಗಲ್ಲಿನವನದ್ದು ತೀರಾ ಹಿಂದೆ ಉಳಿಯಿತು. ಯುದ್ಧದ ಪೆನ್ಷನ್ ಸಮ ಮಾಡಲು ಒಪ್ಪಿದ್ದು 2006ರಲ್ಲಿ. ನಮ್ಮ ಕ್ಯಾಂಪ್ ಕಡೆಯ ನಿವೃತ್ತ ಸುಬೇದಾರರೊಬ್ಬರಿಗೆ ಇದನ್ನು ಹೇಳಿದೆ. ಅವರು ಕೇಳಿದ್ದು ಒಂದೇ: “ಅಷ್ಟೊತ್ತಿಗೆ ಎಷ್ಟ ಮಂದಿ ಉಳದಿದ್ರ್ರೀ?”